ಅಪ್‌ಡೇಟ್: ಕಿಟ್ ಕಾರಿನ ಮುಂದಿನ ಶಾಕ್‌ಗೆ ಅಳತೆ ಸಿಕ್ಕಿತು

ನನ್ನ ಲೋಟಸ್ ಸೆವೆನ್ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಮಾದರಿಯ ಕಿಟ್ ಕಾರಿಗೆ, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸುವ ಕಾರಿಗೆ, ಮುಂದಿನ ಶಾಕ್ ಅಬ್ಸಾರ್ಬರ್ ಎಷ್ಟು ಉದ್ದದ್ದು ಬೇಕು ಅಂತ ಕೇಳಿದ್ದೆ. ಸ್ಪ್ರಿಂಗ್ ಇಲ್ಲದೆ ಅಳತೆ ಮಾಡು ಅಂದ ಅಣ್ಣಾರಿಗೆ ದೊಡ್ಡ ಶರಣು.

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಗೆಳೆಯನ ಗ್ಯಾರೇಜಿನಲ್ಲಿ ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಳಗಿನ ವಿಶ್‌ಬೋನಿಗೆ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಜಾಕ್ ಕೊಟ್ಟು ಚಕ್ರವನ್ನು ಎತ್ತಿ ಇಳಿಸಿದ್ವಿ. ಕಾರು ನಿಲ್ಲಬೇಕಾದ ಎತ್ತರದಲ್ಲಿ ಶಾಕ್ ಹಿಡಿಯುವ ಮೇಲಿನ, ಕೆಳಗಿನ ಬೋಲ್ಟ್‌ಗಳ ನಡುವಿನ ಅಂತರ 315 ಮಿ.ಮೀ. ಟೈರು ಮಡ್‌ಗಾರ್ಡ್‌ಗೆ ತಾಗುವುದು 270ಕ್ಕೆ. ಚಕ್ರ ಕೆಳಗಿಳಿದಾಗ ಬಾಲ್ ಜಾಯಿಂಟ್ (ತೋಳಿನ ತುದಿಯ ಗುಂಡು ಕೀಲು) ಬಿಗಿಯುವುದು 355ಕ್ಕೆ.

ಅದಕ್ಕೇ ಮುಚ್ಚಿದಾಗ 260, ಪೂರ್ತಿ ಬಿಚ್ಚಿದಾಗ 350 ಇರುವ ಶಾಕ್ ತಗೊಂಡೆ. ಹೀಗೆ ಚಕ್ರ ಕೆಳಗಿಳಿಯಲು 35, ಮೇಲೇಳಲು ಶಾಕಿನಲ್ಲಿ 55 ಸಿಗುತ್ತೆ. ಪೂರ್ತಿ ಅಮುಕಿದರೂ ಬಂಪ್ ಸ್ಟಾಪ್ ರಬ್ಬರು (ಶಾಕ್ ಪೂರ್ತಿ ಮುಚ್ಚಿ ಬಡಿಯದಂತೆ ತಡೆಯುವ ರಬ್ಬರು) 12 ಮಿ.ಮೀ. ದಪ್ಪ ಉಳಿಯುತ್ತೆ, ಅಂದರೆ 272ಕ್ಕೇ ನಿಲ್ಲಿಸುತ್ತೆ, ನಿಜವಾಗಿ ಮೇಲೇಳಲು 43 ಸಿಗುತ್ತೆ. ಟೈರೂ ಉಳೀತು, ಶಾಕೂ ಉಳೀತು. ನಮ್ಮ ಊರಿನ ಹಂಪ್‌ಗಳಿಗೆ ಇದು ತುಂಬಾ ಮುಖ್ಯ.

ಗಿಡ್ಡ ಶಾಕ್ ಹಾಕಿ ಸ್ಪ್ರಿಂಗ್ ರಿಂಗ್ (ಸ್ಪ್ರಿಂಗ್ ಕೂರುವ, ತಿರುಗಿಸಿ ಹೊಂದಿಸುವ ರಿಂಗ್) ಬಿಗಿ ಮಾಡಿದರೆ ಸಾಲದೇ ಅಂತ ಒಬ್ಬರು ಕೇಳಿದ್ದರು. ಸಾಲದು. ರಿಂಗ್ ಕಾರನ್ನು ಎತ್ತುತ್ತೆ, ಆದರೆ ಶಾಕಿನ ಓಟ ಹೆಚ್ಚಾಗಲ್ಲ. ಕೆಳಗಿಳಿಯುವ ಜಾಗ ಮುಗಿದು ಗುಂಡಿಯಲ್ಲಿ ಚಕ್ರ ನೆಲ ಬಿಡುತ್ತೆ.

ಸ್ಪ್ರಿಂಗ್ ಆರಿಸೋಕೆ ಡ್ರೈವರ್ ಬದಲು ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟು ತೂಕ ನೋಡಬೇಕು. ಹಿಂದಿನ ಶಾಕ್ ಇನ್ನೂ ಬಾಕಿ. ಅಲ್ಲಿ ಲೈವ್ ಆಕ್ಸಲ್ (ಎರಡೂ ಚಕ್ರವನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್) ಇರೋದರಿಂದ ಎರಡೂ ಚಕ್ರ ಒಟ್ಟಿಗೆ ಎತ್ತಿಯೂ, ಒಂದನ್ನೇ ಎತ್ತಿಯೂ ಅಳೀತೀನಿ.