ಸೀಲಂಟ್ ಹಾಕ್ಸಿದ ಸ್ಕೂಟರ್: ಹ್ಯಾಂಡಲ್ ನಡುಗುತ್ತೆ, ಹಿಂದಿನ ಟೈರಿಗೆ ಗಾಳಿ ಹೋಗ್ತಿಲ್ಲ

ನಾಲೆಏರಿ ಸವಾರ:
ನಮಸ್ಕಾರ. ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ದಿನಾ ಸ್ಕೂಟರಲ್ಲಿ ಓಡಾಟ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡ್ತಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ಮೊಳೆ, ಗದ್ದೆಗೆ ಹೋದ್ರೆ ಏರಿ ಮೇಲೆ ಜಾಲಿಮುಳ್ಳು. ತಿಂಗಳಿಗೆರಡು ಪಂಚರ್ ಆಗಿ ಸಾಕಾಗಿತ್ತು. ಹೋದ ವರ್ಷ ಎರಡೂ ಟ್ಯೂಬ್‌ಲೆಸ್ ಟೈರಿಗೆ ಸೀಲಂಟ್, ಅಂದ್ರೆ ತೂತನ್ನ ಒಳಗಿಂದ ತಾನೇ ಮುಚ್ಚೋ ಲೋಳೆ, ಹಾಕಿಸ್ದೆ. ಅಲ್ಲಿಂದೀಚೆಗೆ ಪಂಚರ್ ಅಂಗಡಿ ಕಡೆ ತಲೆ ಹಾಕಿಲ್ಲ, ಅದು ನಿಜ. ಆದ್ರೆ ಈಗ 50 ದಾಟಿದ್ರೆ ಹ್ಯಾಂಡಲ್ ಗಡಗಡ ಅನ್ನುತ್ತೆ. ಹಿಂದಿನ ಟೈರ್ ಎರಡೇ ದಿನಕ್ಕೆ ಇಳಿಯುತ್ತೆ. ಗಾಳಿ ಹಿಡಿಸೋಕೆ ಹೋದ್ರೆ ವಾಲ್ವಿಂದ ಹಸಿರು ಲೋಳೆ ಬರುತ್ತೆ, ಗಾಳಿ ಒಳಗೆ ಹೋಗಲ್ಲ. ಇನ್ನೊಂದು ಬಾಟ್ಲಿ ಹಾಕ್ಸಲಾ, ತೆಗೆಸಿಬಿಡಲಾ?

ಸ್ಪಾನರ್ ಮೈಸೂರು:
ಬಾಟ್ಲಿ ಬೇಡಿ ಸರ್. ವಾಲ್ವ್ ಒಳಗಿನ ಪಿನ್ನಿಗೆ ಲೋಳೆ ಮೆತ್ಕೊಂಡಿದೆ. ಪಿನ್ ಹೊಸದು ಹಾಕ್ಸಿ, ದುಡ್ಡೇನೂ ಹೆಚ್ಚಾಗಲ್ಲ. ಇನ್ಮೇಲೆ ಗಾಳಿ ಹಿಡಿಸುವಾಗ ವಾಲ್ವ್ ಮೇಲ್ಗಡೆ ಬರೋ ಹಾಗೆ ಚಕ್ರ ತಿರುಗಿಸಿ, ಎರಡು ನಿಮಿಷ ಬಿಡಿ. ಲೋಳೆ ಕೆಳಗಿಳಿಯುತ್ತೆ.

ನಡುಕಕ್ಕೆ ಮುಂದಿನ ಟೈರ್ ನೋಡಬೇಕು. ನಿಂತ ಗಾಡೀಲಿ ಸೀಲಂಟ್ ತಳಕ್ಕೆ ಇಳಿದಿರುತ್ತೆ. ಸ್ವಲ್ಪ ದೂರ ಓಡಿಸಿದ ಮೇಲೆ ನಡುಕ ನಿಂತ್ರೆ ಚಿಂತೆ ಇಲ್ಲ. ನಿಲ್ಲದೇ ಹೋದ್ರೆ ಒಳಗೆ ಒಣಗಿ ಗಡ್ಡೆ ಕಟ್ಟಿರಬಹುದು. ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಕಡೆ ಇರೋ ಬೇರಿಂಗ್), ಚಕ್ರದ ಬೇರಿಂಗೂ ಒಮ್ಮೆ ನೋಡ್ಸಿ, ತಪ್ಪೆಲ್ಲ ಸೀಲಂಟ್‌ದೇ ಆಗಿರಬೇಕಿಲ್ಲ.

ನನಗೆ ಹೆಚ್ಚು ಭಯ ಹಿಂದಿನ ಟೈರ್‌ದು. ಮೊಳೆ ಚುಚ್ಚಿದ ತಕ್ಷಣ ಸೀಲಂಟಲ್ಲಿರೋ ನಾರು, ರಬ್ಬರ್ ಚೂರು ಗಾಳಿ ಜೊತೆ ತೂತಿಗೆ ನುಗ್ಗಿ ಅಡ್ಡ ಕೂರುತ್ವೆ. ನಮಗೆ ಗೊತ್ತೇ ಆಗಲ್ಲ. ಮೊಳೆ ಅಲ್ಲೇ ಇದ್ದು, ತೂತು ದಿನಾ ಅಗಲ ಆಗ್ತಾ ಹೋಗುತ್ತೆ. ಟೈರ್ ಪಕ್ಕದ ಗೋಡೆ ಸೀಳಿದ್ರಂತೂ ಯಾವ ಸೀಲಂಟೂ ನಿಲ್ಲಿಸಲ್ಲ. ಟೈರ್ ಬಿಚ್ಚಿಸಿ, ನೀರಲ್ಲಿ ತೊಳೆಸಿ, ಒಳಗಡೆ ಕೈಯಾಡಿಸಿ ನೋಡಿ. ತೊಳೆದು ಒಣಗಿಸದೇ ಪ್ಯಾಚ್ ಅಂಟಲ್ಲ, ಅದಕ್ಕೇ ಅಂಗಡಿಯವರು ಸೀಲಂಟ್ ಟೈರ್ ಅಂದ್ರೆ ಗೊಣಗೋದು.

ಕಬ್ಬಿನಗದ್ದೆ:
ನಮ್ಮಪ್ಪನ ಬೈಕಿಗೂ ಹಾಕ್ಸಿದ್ವಿ, ಅದು ಟ್ಯೂಬ್ ಟೈರು. ಮುಳ್ಳು ಹೊಕ್ಕ ಕಡೆ ಟ್ಯೂಬ್ ಬೆರಳುದ್ದ ಹರಿದು ಲೋಳೆಯೆಲ್ಲ ಟೈರೊಳಗೆ ಚೆಲ್ಲಿತ್ತು. ಟ್ಯೂಬ್ ಗಾಡಿಗೆ ದುಡ್ಡು ಹಾಕಬೇಡಿ.

ನಾಲೆಏರಿ ಸವಾರ:
ನಿನ್ನೆ ಬಿಚ್ಚಿಸಿದೆ ಸರ್. ಮುಂದಿನ ಟೈರಲ್ಲಿ ಅಂಗೈಯಗಲ ಹಸಿರು ಹಪ್ಪಳದ ಥರ ಒಂದು ಕಡೆ ಒಣಗಿ ಕೂತಿತ್ತು. ಕೆರೆದು ತೆಗೆದ್ರು, ಈಗ 60ರಲ್ಲೂ ನಡುಕ ಇಲ್ಲ. ಹಿಂದಿನದ್ರಲ್ಲಿ ಐದು ಮುಳ್ಳಿನ ತುದಿ, ಜೊತೆಗೆ ತಲೆ ಸವೆದು ಹೊಳೀತಿದ್ದ ಒಂದು ಮೊಳೆ. ಅದರ ಮೇಲೆ ಎಷ್ಟು ದಿನ ಮಗಳನ್ನ ಹಿಂದೆ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟಿದ್ದೀನೋ, ನೋಡಿ ಎದೆ ಝಲ್ ಅಂತು. ಒಳಗಿಂದ ಪ್ಯಾಚ್ ಹಾಕಿಸಿದೆ. ರಿಮ್ಮಲ್ಲಿ ಬಿಳಿ ಪುಡಿ ಎದ್ದಿತ್ತು, ಉಜ್ಜಿಸಿದ್ದೀನಿ. ಹಿಂದಕ್ಕೆ ಮತ್ತೆ ಹಾಕ್ಸಲಾ?

ಸ್ಪಾನರ್ ಮೈಸೂರು:
ಏರಿ ಮೇಲೆ ಓಡಾಟ ತಪ್ಪಲ್ಲ ಅಂದ್ರೆ ಹಿಂದಕ್ಕೆ ಹಾಕ್ಸಿ, ರಾತ್ರಿ ಹೊತ್ತು ಮನೆ ಮುಟ್ಟಿಸುತ್ತೆ. ಬಾಟ್ಲಿ ಮೇಲೆ ಬರೆದಷ್ಟೇ ಅಳತೆ, ಹೆಚ್ಚು ಬೇಡ. ಮುಂದಿನ ಟೈರಿಗೆ ಬೇಡ. ವಾರಕ್ಕೊಮ್ಮೆ ಗಾಳಿ ನೋಡ್ಸಿ, ಆಗ ಟೈರನ್ನೂ ಒಂದು ಸುತ್ತು ತಿರುಗಿಸಿ ಮೊಳೆ ಹುಡುಕಿ. ಹಾಕಿಸಿದ ತಾರೀಖು ಸೀಟ್ ಕೆಳಗೆ ಬರೆದಿಡಿ, ವರ್ಷ ತುಂಬಿದಾಗ ಮತ್ತೆ ಬಿಚ್ಚಿಸೋಕೆ.