ಮಕ್ಕಳ ರೋಬೋಟ್‌ಗೆ ವಿಷನ್ ಸೆನ್ಸರ್: ಬಳಸಿದವರು ಅನುಭವ ತಿಳಿಸಿರಿ

ವಿಜ್ಞಾನ ಶಿಕ್ಷಕಿ, ಕುಷ್ಟಗಿ ತಾಲ್ಲೂಕು
ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಆರ್ಡುಯಿನೊ ಊನೊ ಬೋರ್ಡ್ (ನಾವು ತುಂಬಿದ ಪ್ರೋಗ್ರಾಮ್‌ನಂತೆ ಮೋಟರ್, ಸೆನ್ಸರ್‌ಗಳನ್ನು ನಡೆಸುವ ಚಿಕ್ಕ ಸರ್ಕ್ಯೂಟ್) ಬಳಸಿ ನಾಲ್ಕು ಚಕ್ರದ ರೋಬೋಟ್ ಕಟ್ಟಿದ್ದಾರೆ. ಅದು ಕೆಂಪು ಚೆಂಡನ್ನು ಗುರುತಿಸಿ ಅದರ ಬಳಿಗೆ ಹೋಗಬೇಕು, ಹಸಿರು ಚೆಂಡನ್ನು ಬಿಟ್ಟುಬಿಡಬೇಕು. ಎರವಲು ತಂದ ವಿಷನ್ ಸೆನ್ಸರ್ (ಕ್ಯಾಮೆರಾದಿಂದ ನೋಡಿ ವಸ್ತುವನ್ನು ಗುರುತಿಸುವ ಸಾಧನ) ಬೆಳಿಗ್ಗೆ ಸರಿಯಾಗಿ ಗುರುತಿಸುತ್ತದೆ. ಮಧ್ಯಾಹ್ನ ಅದೇ ಕೋಣೆಯಲ್ಲಿ ಅದೇ ಚೆಂಡು ಅದಕ್ಕೆ ಕಾಣುವುದಿಲ್ಲ. ಎಂಟು ಸಾವಿರ ರೂಪಾಯಿಯೊಳಗೆ ಸ್ವಂತ ಸೆನ್ಸರ್ ಕೊಳ್ಳಬೇಕೆಂದಿದ್ದೇವೆ. ಯಾವುದನ್ನು ಕೊಳ್ಳಬೇಕು, ಪ್ರೋಗ್ರಾಮ್ ಹೇಗೆ ಬರೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿರಿ.

ಶಾಲಾ ಲ್ಯಾಬ್ ಉಸ್ತುವಾರಿ, ಗಂಗಾವತಿ
ನಾವು ಪಿಕ್ಸಿ2 ಎಂಬ ವಿಷನ್ ಸೆನ್ಸರ್ ಕೊಂಡೆವು; ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಸೆನ್ಸರ್‌ಗೆ 6,900 ರೂಪಾಯಿ, ಸಾಗಣೆಗೆ 180, ಅದನ್ನು ಹೊರುವ ಅಲ್ಯೂಮಿನಿಯಂ ಪಟ್ಟಿಗೆ 140. ಜೊತೆಗೆ ಬಂದ ಕೇಬಲ್ ಸಡಿಲವಾಗಿತ್ತು. ಮಾರಿದವರು ಬದಲಿಸಿಕೊಡಲು ಒಪ್ಪದ ಕಾರಣ ಮತ್ತೆ 350 ತೆರಬೇಕಾಯಿತು. ಆ 350 ರೂಪಾಯಿ ಇನ್ನೂ ನನ್ನ ಮನಸ್ಸಿನಲ್ಲಿದೆ.

ಈ ಸೆನ್ಸರ್ ಚಿತ್ರವನ್ನು ಆರ್ಡುಯಿನೊಗೆ ಕಳುಹಿಸುವುದಿಲ್ಲ. ಸೆಕೆಂಡಿಗೆ 60 ಚೌಕಟ್ಟುಗಳನ್ನು (ಕ್ಯಾಮೆರಾ ಹಿಡಿಯುವ ಒಂದೊಂದು ಚಿತ್ರವನ್ನು) ತಾನೇ ಪರಿಶೀಲಿಸಿ, ಕಲಿಸಿಕೊಟ್ಟ ಏಳು ಬಣ್ಣಗಳಲ್ಲಿ ಯಾವುದು ಎಲ್ಲಿದೆ, ಎಷ್ಟು ಅಗಲ, ಎಷ್ಟು ಎತ್ತರ ಎಂಬ ಅಂಕಿಗಳನ್ನಷ್ಟೇ ಕೊಡುತ್ತದೆ. ಚಿತ್ರದಲ್ಲಿ ಅಡ್ಡಲಾಗಿ 316 ಬಿಂದುಗಳು (ಪಿಕ್ಸೆಲ್) ಇರುವುದರಿಂದ ನಡು 158. ಚೆಂಡಿನ ಸ್ಥಾನದಿಂದ 158 ಕಳೆದು, ಉಳಿದದ್ದನ್ನು ಚಿಕ್ಕ ಗುಣಕದಿಂದ ಗುಣಿಸಿ, ಎಡ ಮೋಟರಿನ ವೇಗಕ್ಕೆ ಕೂಡಿಸಿ ಬಲ ಮೋಟರಿನದರಿಂದ ಕಳೆದರೆ ರೋಬೋಟ್ ಚೆಂಡಿನತ್ತ ತಿರುಗುತ್ತದೆ. ನಮ್ಮನ್ನು ಕಾಡಿದ್ದು ಸಮವಸ್ತ್ರದ ಕೆಂಪು ಟೈ; ಸೆನ್ಸರ್ ಅದನ್ನೂ ಚೆಂಡೆಂದು ತಿಳಿಯುತ್ತಿತ್ತು. ಒಂದು ಬಣ್ಣದ ತುಣುಕು ಎಷ್ಟು ಚೌಕಟ್ಟುಗಳಿಂದ ಸತತವಾಗಿ ಕಾಣುತ್ತಿದೆ ಎಂಬುದನ್ನು ‘ಏಜ್’ ಎಂಬ ಅಂಕಿ ತಿಳಿಸುತ್ತದೆ. ಅದು ಕಡಿಮೆಯಿದ್ದರೆ ತಿರಸ್ಕರಿಸಬೇಕು, ಅಗಲಕ್ಕೂ ಎತ್ತರಕ್ಕೂ ಹೆಚ್ಚಿನ ಅಂತರವಿದ್ದರೂ ತಿರಸ್ಕರಿಸಬೇಕು ಎಂಬ ಎರಡು ಷರತ್ತುಗಳನ್ನು ಬರೆದ ಮೇಲೆ ಟೈ ಕಾಟ ತಪ್ಪಿತು.

ಪಾಲಿಟೆಕ್ನಿಕ್ ಉಪನ್ಯಾಸಕ, ಸಿಂಧನೂರು
ಏಳು ಸಾವಿರ ಕೊಟ್ಟು ಸಿದ್ಧ ಅಂಕಿಗಳನ್ನು ಕೊಳ್ಳುವುದನ್ನು ಪ್ರೋಗ್ರಾಮಿಂಗ್ ಎನ್ನಲು ನಾನು ಒಪ್ಪುವುದಿಲ್ಲ. ಹಳೆಯ ಮಾದರಿಯ ಊನೊ (ಆರ್3) ಬೋರ್ಡಿನ ಸ್ಮರಣೆ ಎರಡು ಕಿಲೊಬೈಟ್; 160ಕ್ಕೆ 120 ಬಿಂದುಗಳ ಚಿಕ್ಕ ಬಣ್ಣದ ಚಿತ್ರಕ್ಕೂ, ಬಿಂದುವಿಗೆ ಎರಡು ಬೈಟ್‌ನಂತೆ, 38,400 ಬೈಟ್ ಬೇಕು. ಈ ಲೆಕ್ಕವನ್ನು ಮಕ್ಕಳೇ ಕಾಗದದ ಮೇಲೆ ಮಾಡಿದಾಗ ಬೇರೆ ಸಂಸ್ಕಾರಕ (ಪ್ರೊಸೆಸರ್) ಏಕೆ ಬೇಕೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.

ನಾನು ಬಳಸಿದ್ದು ಇಎಸ್‌ಪಿ32-ಕ್ಯಾಮ್, ಕ್ಯಾಮೆರಾ ಜೋಡಿಸಿದ ಚಿಕ್ಕ ಪ್ರೊಸೆಸರ್ ಬೋರ್ಡ್. ಬೋರ್ಡ್‌ಗೆ 560, ಅದರಲ್ಲಿ ಯುಎಸ್‌ಬಿ ಕಿಂಡಿ ಇಲ್ಲವಾದ್ದರಿಂದ ಪ್ರೋಗ್ರಾಮ್ ತುಂಬುವ ಅಡಾಪ್ಟರ್‌ಗೆ 230, ಜಂಪರ್ ತಂತಿಗೆ 60. ಮೋಟರಿನ ಬ್ಯಾಟರಿಯಿಂದಲೇ ವಿದ್ಯುತ್ ಕೊಟ್ಟಾಗ ಮೋಟರ್ ಹೊರಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅದಕ್ಕಾಗಿ ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಬಕ್ ಕನ್ವರ್ಟರ್ 120, ಕೆಪಾಸಿಟರ್ 15. ಕ್ಯಾಮೆರಾದ ರಿಬ್ಬನ್ ಸೀಳಿದ್ದರಿಂದ ಮತ್ತೆ 250. ಒಟ್ಟು 1,235 ರೂಪಾಯಿ.

ಮೇಡಂ ಅವರ ಮಧ್ಯಾಹ್ನದ ತೊಂದರೆಗೆ ಮುಖ್ಯ ಕಾರಣ ಬಹುಶಃ ಎರಡು. ಕಿಟಕಿಯ ಬಿಸಿಲು ಬಿದ್ದಾಗ ಚೆಂಡಿನ ಹೊಳೆಯುವ ಭಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠ ಮಟ್ಟ ತಲುಪಿ ಅದು ಬಿಳಿಯಾಗಿಬಿಡುತ್ತದೆ. ಕಳೆದುಹೋದ ಆ ಬಣ್ಣವನ್ನು ಯಾವ ಕೋಡ್ ಕೂಡ ಮರಳಿ ತರಲಾರದು, ಎಕ್ಸ್‌ಪೋಶರ್ (ಪ್ರತಿ ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿ) ತಗ್ಗಿಸಲೇಬೇಕು. ಎರಡನೆಯದು, ಚೆಂಡು ಹತ್ತಿರ ಬಂದು ಚಿತ್ರದ ತುಂಬ ಕೆಂಪೇ ಆದಾಗ ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣಗಳನ್ನು ಸರಿದೂಗಿಸುವ ವ್ಯವಸ್ಥೆ) ಆ ಕೆಂಪನ್ನೇ ತಗ್ಗಿಸುತ್ತದೆ. ಅದನ್ನೂ, ಚಿತ್ರದ ಹೊಳಪನ್ನು ತಾನೇ ಏರಿಳಿಸುವ ಆಟೊ ಗೇನ್ ಅನ್ನೂ ಕೋಡಿನಲ್ಲಿ ಮೊದಲು ಆಫ್ ಮಾಡಿರಿ.

ಸಂಜೆ ತರಗತಿ ನಡೆಸುವವರು, ರಾಯಚೂರು
ಸಿಂಧನೂರಿನ ಸರ್ ಅವರ ವಿದ್ಯಾರ್ಥಿಗಳು ಹತ್ತನೆಯ ತರಗತಿ ಮುಗಿಸಿ ಬಂದವರು. ನನ್ನ ಬಳಿ ಬರುವವರು ಏಳನೆಯ ತರಗತಿಯ ಹೆಣ್ಣುಮಕ್ಕಳು. ಪ್ರೋಗ್ರಾಮ್ ತುಂಬುವಾಗಲೆಲ್ಲ ಒಂದು ಪಿನ್ನನ್ನು ಗ್ರೌಂಡಿಗೆ ಸೇರಿಸಿ, ರೀಸೆಟ್ ಒತ್ತಿ, ಮತ್ತೆ ತಂತಿ ಬಿಡಿಸುವ ಆ ಇಎಸ್‌ಪಿ32-ಕ್ಯಾಮ್ ಬೋರ್ಡನ್ನು ನಾನೂ ಮೊದಲು ತಂದಿದ್ದೆ. ಬೋರ್ಡ್ ಕಂಪ್ಯೂಟರಿಗೆ ಜೋಡಣೆಯಾಗದೆ ಪರದೆಯ ಮೇಲೆ ಚುಕ್ಕೆಗಳು ಸಾಲುಗಟ್ಟಿ ನಿಂತದ್ದನ್ನು ನೋಡುತ್ತ ಮಕ್ಕಳ ಉತ್ಸಾಹವೇ ಇಳಿದುಹೋಯಿತು. 7,400 ರೂಪಾಯಿ ಕೊಟ್ಟು ಹಸ್ಕಿಲೆನ್ಸ್ ಎಂಬ ವಿಷನ್ ಸೆನ್ಸರ್ ತಂದೆ, ಅದರಲ್ಲಿ ಅರ್ಧ ನನ್ನ ಚೀಟಿಯ ಹಣ. ಅದರ ಬೆನ್ನಿಗೇ ಎರಡು ಇಂಚಿನ ಪರದೆಯಿದೆ. ರೋಬೋಟ್ ಏನನ್ನು ನೋಡುತ್ತಿದೆ ಎಂಬುದು ಮಗುವಿನ ಕಣ್ಣಿಗೂ ಕಾಣುತ್ತದೆ. ಒಂದು ಗುಂಡಿ ಒತ್ತಿದರೆ ಬಣ್ಣ ಕಲಿಯುತ್ತದೆ, ಮುಂದಿನ ನಿರ್ಧಾರಗಳನ್ನೆಲ್ಲ ಮಕ್ಕಳು ತಾವೇ ಬರೆಯುತ್ತಾರೆ. ಅದು ಪ್ರೋಗ್ರಾಮಿಂಗ್ ಅಲ್ಲವೆಂದರೆ ನನಗೆ ನೋವಾಗುತ್ತದೆ.

ಹಸ್ಕಿಲೆನ್ಸ್ ಐದು ವೋಲ್ಟಿನಲ್ಲಿ ಸುಮಾರು 230 ಮಿಲಿಆಂಪ್ ಎಳೆಯುತ್ತದೆ. ಊನೊದ ಐದು ವೋಲ್ಟ್ ಪಿನ್ನಿನಿಂದಲೇ ಅದಕ್ಕೂ ಸರ್ವೊಗೂ (ಹೇಳಿದ ಕೋನಕ್ಕೆ ತಿರುಗುವ ಚಿಕ್ಕ ಮೋಟರ್) ವಿದ್ಯುತ್ ಕೊಟ್ಟರೆ ಎರಡೂ ತಡವರಿಸುತ್ತವೆ. ಸರ್ವೊಗೆ ಬೇರೆ ಬ್ಯಾಟರಿ ಕೊಟ್ಟು, ಗ್ರೌಂಡ್ ತಂತಿಗಳನ್ನು ಮಾತ್ರ ಒಂದುಗೂಡಿಸಿರಿ.

ರೈಸ್ ಮಿಲ್ ಕಲರ್ ಸಾರ್ಟರ್ ತಂತ್ರಜ್ಞ, ಕಾರಟಗಿ
ನಾನು ಶಿಕ್ಷಕನಲ್ಲ; ಅಕ್ಕಿಯಲ್ಲಿ ಕಪ್ಪು, ಹಳದಿ ಕಾಳುಗಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯ ಹೊಡೆತದಿಂದ ಬೇರ್ಪಡಿಸುವ ಯಂತ್ರವನ್ನು ನೋಡಿಕೊಳ್ಳುವವನು. ನೀವೆಲ್ಲ ಸೆನ್ಸರಿನ ಬೆಲೆಯನ್ನೇ ಬರೆಯುತ್ತಿದ್ದೀರಿ, ಬೆಳಕಿಗೆ ಮಾಡಿದ ಖರ್ಚನ್ನು ಒಬ್ಬರೂ ಬರೆದಿಲ್ಲ. ನಮ್ಮ ಯಂತ್ರದೊಳಗೆ ಅದರದೇ ದೀಪವಿದೆ, ಅದರದೇ ಹಿನ್ನೆಲೆ ಪಟ್ಟಿಯಿದೆ; ಹೊರಗಿನ ಬೆಳಕು ಒಳಗೆ ಬರದಂತೆ ಮುಚ್ಚಿರುತ್ತೇವೆ. ಗಾಜಿನ ಮೇಲೆ ತೌಡಿನ ಧೂಳು ಕುಳಿತರೆ ಒಳ್ಳೆಯ ಕಾಳೂ ಹೊರಗೆ ಬೀಳುತ್ತದೆ.

ಇನ್ನೊಂದು ವಿಷಯ: ನಮ್ಮ ವಿದ್ಯುತ್ 50 ಹರ್ಟ್ಸ್ ಆದುದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾ 60 ಹರ್ಟ್ಸ್‌ಗೆ ಹೊಂದಿಸಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಎಕ್ಸ್‌ಪೋಶರ್ ಅವಧಿ 10 ಮಿಲಿಸೆಕೆಂಡಿನ ಅಪವರ್ತ್ಯವಾಗಿರಲಿ (10, 20, 30 ಹೀಗೆ). ಕ್ಯಾಮೆರಾದ ಸುತ್ತ ಬಿಳಿ ಎಲ್‌ಇಡಿಗಳ ಬಳೆಯನ್ನೂ ಮೇಲೆ ಕಪ್ಪು ರಟ್ಟಿನ ಮರೆಯನ್ನೂ ಕಟ್ಟಿರಿ.

ಶಾಲಾ ಲ್ಯಾಬ್ ಉಸ್ತುವಾರಿ, ಗಂಗಾವತಿ
ಕಾರಟಗಿಯವರ ಯಂತ್ರ ನಿಂತಲ್ಲೇ ನಿಂತಿರುತ್ತದೆ, ನಮ್ಮ ರೋಬೋಟ್ ಓಡಾಡುತ್ತದೆ. ಒಂದು ಮೀಟರ್ ದೂರದ ಚೆಂಡಿಗೆ ಎಲ್‌ಇಡಿ ಬಳೆಯ ಬೆಳಕು ಸಾಲುವುದಿಲ್ಲ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಸಿಂಧನೂರಿನವರು ಸಿದ್ಧ ಅಂಕಿ ಕೊಂಡೆವೆಂದು ಹಂಗಿಸಿದ್ದಾರೆ; ಆ ಟೈ ಷರತ್ತುಗಳನ್ನು ಬರೆದವರು ನಮ್ಮ ಮಕ್ಕಳು, ಯಾವ ಕಂಪನಿಯೂ ಅಲ್ಲ.

ಪಾಲಿಟೆಕ್ನಿಕ್ ಉಪನ್ಯಾಸಕ, ಸಿಂಧನೂರು
ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳೇ ಸಾಧನಗಳನ್ನು ಕಟ್ಟಿ ಕಲಿಯುವ ಪ್ರಯೋಗಾಲಯ) ಇರುವ ಶಾಲೆಗೆ ನೀತಿ ಆಯೋಗದಿಂದ 20 ಲಕ್ಷದವರೆಗೆ ಅನುದಾನ ಸಿಕ್ಕಿರುತ್ತದೆ. ಅಂಥ ಶಾಲೆಯಲ್ಲಿ ಕುಳಿತು 6,900ರ ಸೆನ್ಸರನ್ನು ಶಿಫಾರಸು ಮಾಡುವುದು ಸುಲಭ. ಕುಷ್ಟಗಿಯ ಮೇಡಂ ಎಂಟು ಸಾವಿರವನ್ನು ಹೇಗೆ ಹೊಂದಿಸಿದ್ದಾರೋ ನಮಗೆ ತಿಳಿಯದು. ಸೆನ್ಸರ್ ಕೆಟ್ಟರೆ ಎರಡನೆಯದನ್ನು ಕೊಳ್ಳುವಷ್ಟು ಹಣ ಉಳಿದಿರಬೇಕು.

ಶಾಲಾ ಲ್ಯಾಬ್ ಉಸ್ತುವಾರಿ, ಗಂಗಾವತಿ
ಆ 20 ಲಕ್ಷದಲ್ಲಿ ಲ್ಯಾಬ್ ಸ್ಥಾಪನೆಗೆ 10 ಲಕ್ಷ, ಉಳಿದದ್ದು ಐದು ವರ್ಷಗಳ ನಿರ್ವಹಣೆಗೆ. ನಮ್ಮ ಶಾಲೆಗೆ ಆ ಲ್ಯಾಬ್ ಇಲ್ಲವೇ ಇಲ್ಲ. ಪಾಲಕರು ಕೂಡಿಸಿದ ಹಣದಿಂದ ಕೊಂಡಿದ್ದೇವೆ. ವಿಚಾರಿಸದೆ ಹೀಗೆ ಬರೆಯಬಾರದು.

ಗಣಿತ ಶಿಕ್ಷಕ, ಸಂಡೂರು
ನಮ್ಮಲ್ಲಿ ಅದಿರಿನ ಕೆಂಪು ಧೂಳು ಬಿಳಿ ಹಾಳೆಯ ಮೇಲೂ ಕೂರುತ್ತದೆ, ಲೆನ್ಸಿನ ಮೇಲೂ ಕೂರುತ್ತದೆ. ಕೆಂಪು ಬಣ್ಣವನ್ನು ಹುಡುಕಿದರೆ ನೆಲವೆಲ್ಲ ಚೆಂಡಾಗಿ ಕಾಣುತ್ತದೆ. ಆದ್ದರಿಂದ ನಾವು ಬಣ್ಣವನ್ನೇ ಬಿಟ್ಟು, ಕ್ಯಾಮೆರಾ ಓದಬಲ್ಲ ಗುರುತಾದ ಏಪ್ರಿಲ್‌ಟ್ಯಾಗ್ ಹಿಡಿದೆವು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕಪ್ಪು-ಬಿಳಿ ಚೌಕಗಳನ್ನು ಸಾಮಾನ್ಯ ಕಾಗದದ ಮೇಲೆ ಮುದ್ರಿಸಬಹುದು; ಬೆಳಕಿನ ಬಣ್ಣ ಬದಲಾದರೂ ಕಪ್ಪು ಬಿಳಿಗಳ ವ್ಯತ್ಯಾಸ ಉಳಿದಿರುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾತ್ರ ಬೇಡ, ಪ್ರತಿಫಲನದಿಂದ ಚೌಕ ಕಾಣದಾಗುತ್ತದೆ.

ಸಂಜೆ ತರಗತಿ ನಡೆಸುವವರು, ರಾಯಚೂರು
ಉರುಳುವ ಚೆಂಡಿಗೆ ಚೌಕ ಅಂಟಿಸುವುದು ಹೇಗೆ ಸರ್? ಚೆಂಡನ್ನು ತಂದು ಹಾಕುವ ಪೆಟ್ಟಿಗೆಗೆ ಬೇಕಿದ್ದರೆ ಅಂಟಿಸಬಹುದು. ಆ ಚೌಕವನ್ನು ಹಸ್ಕಿಲೆನ್ಸ್ ಕೂಡ ಓದುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ರೈಸ್ ಮಿಲ್ ಕಲರ್ ಸಾರ್ಟರ್ ತಂತ್ರಜ್ಞ, ಕಾರಟಗಿ
ಗಂಗಾವತಿಯವರು ಹೇಳಿದಂತೆ ದೂರಕ್ಕೆ ಬಳೆಯ ಬೆಳಕು ಸಾಲದು, ಒಪ್ಪುತ್ತೇನೆ. ರಟ್ಟಿನ ಮರೆಗೆ ಬ್ಯಾಟರಿಯ ಖರ್ಚಿಲ್ಲ. ಮೇಡಂ, ಎರವಲು ಸೆನ್ಸರನ್ನು ಹಿಂದಿರುಗಿಸುವ ಮೊದಲು ಎಕ್ಸ್‌ಪೋಶರ್ ಸ್ಥಿರಗೊಳಿಸಿ, ಅದೇ ಚೆಂಡನ್ನು ಅದೇ ಗುರುತಿನ ಮೇಲಿಟ್ಟು ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಬರುವ ಅಂಕಿಗಳನ್ನು ಮಕ್ಕಳಿಂದ ಬರೆಸಿರಿ. ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಅವುಗಳನ್ನು ಇಲ್ಲಿ ಹಾಕಿದರೆ ಕೆಂಪಿನ ಮಿತಿಯನ್ನು ಎಲ್ಲಿಂದ ಎಲ್ಲಿಯವರೆಗೆ ಇಡಬೇಕೆಂದು ಹೇಳುತ್ತೇನೆ. ಯಾವ ಸೆನ್ಸರ್ ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ.