ಮೀಡಿಯಂ ಇದೆಯಾ ಸಾರ್?

"ನಿಂತು ನಿಂತು ಕಾಲು ಬಿದ್ದುಹೋಗಿದೆ ಮಾರಾಯ," ಎನ್ನುತ್ತಾ ಸೀನ ಕುರ್ಚಿಗೆ ಕುಸಿದ. ಡೆವಲಪರ್‌ಗಳ ಕಾನ್ಫರೆನ್ಸಿನಲ್ಲಿ ಅವನ ಕಂಪನಿಯ ಸ್ಟಾಲ್ ಕಾದು ಬಂದಿದ್ದ. ಪಾಪ, ಅವನು ಕೋಡ್ ಬರೆಯುವವನು. ಟೆಕ್ನಿಕಲ್ ಪ್ರಶ್ನೆ ಬಂದರೆ ಉತ್ತರ ಹೇಳೋಕೆ ಒಬ್ಬರಿರಲಿ ಅಂತ ಮಾರ್ಕೆಟಿಂಗ್‌ನವರು ಎಳೆದುಕೊಂಡು ಹೋಗಿದ್ದರು.

"ಬಂತಾ ಪ್ರಶ್ನೆ?" ಎಂದು ಕೇಳಿದಳು ರಾಜಿ.

"ಬರದೇ ಇರುತ್ತಾ? 'ಟೀ ಶರ್ಟ್ ಇದೆಯಾ ಸಾರ್?' ಬೆಳಿಗ್ಗೆ ಪೂರ್ತಿ ಇದೇ. ಊಟ ಆದಮೇಲೆ ಸ್ವಲ್ಪ ಆಳಕ್ಕೆ ಇಳಿದರು. 'ಮೀಡಿಯಂ ಇದೆಯಾ ಸಾರ್?'"

ಸ್ಟಾಲ್‌ನವರು ಪುಕ್ಕಟೆ ಹಂಚುವ ಶರ್ಟಿನಲ್ಲಿ ಮೀಡಿಯಂ ಎಲ್ಲಿರುತ್ತೆ? ಮೊದಲು ಖಾಲಿಯಾಗುವುದೇ ಅದು. ಉಳಿಯುವುದು ಡಬಲ್ ಎಕ್ಸೆಲ್. ಅಂಥದ್ದೊಂದು ರಾಜಿಯ ಮನೆಯಲ್ಲಿದೆ. ಅವಳಪ್ಪ ಅದನ್ನು ಹಾಕಿಕೊಂಡೇ ಮಧ್ಯಾಹ್ನ ಗೊರಕೆ ಹೊಡೆಯುತ್ತಾರಂತೆ. ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಝೀರೋ ಡೌನ್‌ಟೈಮ್', ಅಂದರೆ ಒಂದು ಕ್ಷಣವೂ ನಿಲ್ಲದ ಸೇವೆ, ಎಂದಿದೆಯಂತೆ.

ಗಿರಿ ಮಾತ್ರ ಗಂಭೀರವಾಗಿದ್ದ. ಅವನು ಅಂಗಡಿಗೆ ಹೋಗಿ ಬನಿಯನ್ ಬಿಟ್ಟು ಬೇರೇನೂ ಕೊಳ್ಳದೆ ವರ್ಷಗಳೇ ಆದವು. ಸಾಕ್ಸ್, ನೀರಿನ ಬಾಟಲಿ, ಕೊಡೆ, ಎಲ್ಲ ಕಾನ್ಫರೆನ್ಸಿನದ್ದೇ. "ಇದರಲ್ಲಿ ಮೋಸ ಏನಿದೆ?" ಎಂದ. "ಕತ್ತಿನ ಬ್ಯಾಡ್ಜ್ ತೋರಿಸುತ್ತೇನೆ. ಅದರ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿಕೊಳ್ಳುತ್ತಾರೆ. ನನ್ನ ಹೆಸರು, ಇಮೇಲ್, ಕಂಪನಿ ಅವರಿಗೆ. ಸಾಕ್ಸ್ ನನಗೆ."

"ಕಾನೂನು ಗೊತ್ತೇನೋ ನಿನಗೆ?" ರಾಜಿ ಇನ್ನೊಂದು ಕಂಪನಿಯ ಮಾರ್ಕೆಟಿಂಗ್‌ನವಳು, ಲೀಗಲ್‌ನವರ ಹತ್ತಿರ ಪಾಠ ಹೇಳಿಸಿಕೊಂಡಿದ್ದಾಳೆ. "ವೈಯಕ್ತಿಕ ಡೇಟಾ ಕಾಯಿದೆ ಅಂತ 2023ರಲ್ಲಿ ಬಂದಿದೆ. ಒಪ್ಪಿಗೆ ಅನ್ನೋದು ಮನಸಾರೆ ಕೊಟ್ಟದ್ದಾಗಿರಬೇಕು, ಯಾತಕ್ಕೆ ಅಂತ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತು ಇರಬಾರದು."

"ಷರತ್ತು ಎಲ್ಲಿದೆ? ಬರೀ ಶರ್ಟ್ ಇದೆ."

ನನಗಂತೂ ಇಡೀ ಹಾಲ್‌ನಲ್ಲಿ ಪ್ರಾಮಾಣಿಕ ಅಂದರೆ ಗಿರಿಯಂಥವನೇ ಅನ್ನಿಸುತ್ತದೆ. ಬಂದದ್ದು ಯಾತಕ್ಕೆ ಅಂತ ಅವನಿಗೆ ಗೊತ್ತಿದೆ. ಮುಚ್ಚಿಡುವುದೂ ಇಲ್ಲ.

ಸೀನನ ದುಃಖ ಬೇರೆ. ಸ್ಪಾನ್ಸರ್ ಮಾಡುವವರಲ್ಲಿ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ಜಾತಿಗಳಿವೆ. ದುಡ್ಡು ಎಷ್ಟೋ ಜಾಗ ಅಷ್ಟು. ಪ್ಲಾಟಿನಂನವರು ಬಾಗಿಲ ಎದುರು. ಗೋಲ್ಡ್‌ನವರು ಕಾಫಿ ಪಕ್ಕ. ಸೀನನ ಕಂಪನಿ ಸಿಲ್ವರ್, ಟಾಯ್ಲೆಟ್ಟಿಗೆ ಹೋಗುವ ದಾರಿ.

"ಹೋಗುವಾಗ ಯಾರೂ ನಿಲ್ಲುವುದಿಲ್ಲ, ಅದು ನ್ಯಾಯವೇ. ಬರುವಾಗ ನಿಲ್ಲುತ್ತಾರೆ. ಕೈ ಒದ್ದೆ ಇರುತ್ತೆ. ನಮ್ಮ ಪಾಂಪ್ಲೆಟ್ ಕೊಟ್ಟರೆ ಅದರಲ್ಲೇ ಒರೆಸಿಕೊಂಡು ಥ್ಯಾಂಕ್ಸ್ ಹೇಳುತ್ತಾರೆ. ನಾವು ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ಹಲ್ಲು ಬಿಟ್ಟುಕೊಂಡು ನಿಂತಿರಬೇಕು."

"ಬೈಯಬೇಡ ಕಣೋ," ಎಂದೆ ನಾನು. "ಹಾಲ್ ಬಾಡಿಗೆ, ಊಟ, ಎಲ್ಲ ಈ ಸ್ಟಾಲ್‌ನವರ ದುಡ್ಡಿನಲ್ಲೇ ತಾನೇ ಸಾಗೋದು? 2009ರಲ್ಲಿ ನಮ್ಮ ಐಐಎಸ್‌ಸಿಯಲ್ಲಿ ಶುರುವಾಯಿತಲ್ಲ, ಪೈಕಾನ್ ಇಂಡಿಯಾ? ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರ ಕಾನ್ಫರೆನ್ಸು, ಸ್ವಯಂಸೇವಕರೇ ನಡೆಸುವಂಥದ್ದು. ಅಂಥದ್ದಕ್ಕೂ ಸ್ಪಾನ್ಸರ್ ಬೇಕೇ ಬೇಕು."

"ಆಯ್ತಪ್ಪ, ಡೆಮೊ ಹೇಗಾಯಿತು ಹೇಳು," ಎಂದ ಗಿರಿ. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಡೆಮೊ ಅಂದರೆ ದೊಡ್ಡ ಟಿವಿಯಲ್ಲಿ ಒಂದು ಚಕ್ರ ಸುಮ್ನೆ ತಿರುಗುತ್ತಾ ಇತ್ತಂತೆ. ವೈಫೈ ಇತ್ತು, ಆದರೆ ನೆಟ್ ಬರುತ್ತಿರಲಿಲ್ಲ. ಒಂದೇ ಹಾಲ್‌ನಲ್ಲಿ ಸಾವಿರಾರು ಫೋನ್. ಹಾಲ್ ವೈಫೈ ನಿಧಾನ ಅಂತ ಒಬ್ಬೊಬ್ಬರೂ ತಮ್ಮ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾರೆ. ಅದರಿಂದ ಎಲ್ಲರದ್ದೂ ಇನ್ನೂ ನಿಧಾನ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಮೂರೇ, 1, 6, 11. ಆ ಮೂರರಲ್ಲೇ ಊರೆಲ್ಲ ನುಗ್ಗಬೇಕು.

"ಸ್ಟೀವ್ ಜಾಬ್ಸ್‌ಗೇ ಬಿಟ್ಟಿಲ್ಲ," ಎಂದು ಸೀನ ಸಮಾಧಾನ ಮಾಡಿಕೊಂಡ. "2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಫೋನ್ 4 ತೋರಿಸುವಾಗ ಪುಟವೇ ತೆರೆಯಲಿಲ್ಲ. ಹಾಲ್‌ನಲ್ಲಿ 570 ವೈಫೈ ಬೇಸ್ ಸ್ಟೇಷನ್ ಓಡುತ್ತಿವೆ, ಆಫ್ ಮಾಡಿ ಅಂತ ಜನರನ್ನೇ ಕೇಳಿಕೊಂಡರು."

"ಬಿಲ್ ಗೇಟ್ಸ್ ಕಥೆ ಇನ್ನೂ ಚೆನ್ನ," ಎಂದಳು ರಾಜಿ. "1998ರ ಏಪ್ರಿಲ್, ಶಿಕಾಗೋದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳ. ವಿಂಡೋಸ್ 98ರ ಡೆಮೊ. ಸ್ಕ್ಯಾನರ್ ಚುಚ್ಚಿದ ತಕ್ಷಣ ಕಂಪ್ಯೂಟರ್ ಕೈಕೊಟ್ಟು ಪರದೆ ಪೂರ್ತಿ ನೀಲಿ! ಅದಕ್ಕೇ ಇರಬೇಕು ಇದನ್ನಿನ್ನೂ ಬಿಡುಗಡೆ ಮಾಡಿಲ್ಲ ಅಂತ ನಗಿಸಿ ಪಾರಾದರು. ಜೂನಲ್ಲಿ ಬಿಡುಗಡೆನೂ ಮಾಡಿಬಿಟ್ಟರು."

"ಅವರು ಗೇಟ್ಸ್. ನಾನು ಜೋಕ್ ಮಾಡಿದ್ದರೆ ಎಚ್‌ಆರ್ ಕರೆಯುತ್ತಿದ್ದರು."

ಪಳಗಿದವರು ಡೆಮೊದ ವಿಡಿಯೋ ಮಾಡಿಟ್ಟುಕೊಂಡಿರುತ್ತಾರೆ. ಮೌಸ್ ಮೇಲೆ ಕೈ ಇಟ್ಟು ಲೈವ್ ಅನ್ನುವ ಹಾಗೆ ಅಲ್ಲಾಡಿಸುತ್ತಾರೆ. ಇದು ರಾಜಿ ಹೇಳಿದ ಗುಟ್ಟು, ನಾನು ಹೇಳಿದ್ದಲ್ಲ.

ಒಬ್ಬರಾದರೂ ಸರಿಯಾದ ಗಿರಾಕಿ ಬರಲಿಲ್ವಾ? ಬಂದರಂತೆ. ಎರಡನೇ ದಿನ ಸಂಜೆ, ಪಕ್ಕದ ಸ್ಟಾಲ್‌ನವರು ಬ್ಯಾನರ್ ಸುತ್ತುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತರು. ಬ್ಯಾಡ್ಜ್ ಬೇಕೆಂದೇ ಉಲ್ಟಾ ತಿರುಗಿಸಿಕೊಂಡಿದ್ದರು. "ನಮ್ಮ ಲಾಗ್ ದಾಖಲೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ನಾಳೆ ನಿಮ್ಮನ್ನು ಬಿಟ್ಟು ಹೋಗಬೇಕಾದರೆ ನಮ್ಮ ಡೇಟಾ ಹೇಗೆ ವಾಪಸ್ ಕೊಡುತ್ತೀರಿ?" ಮಾರ್ಕೆಟಿಂಗ್ ಹುಡುಗ ಥಟ್ಟನೆ ಟೀ ಶರ್ಟ್ ಚಾಚಿದ. ಅವರು ಬೇಡ ಅಂದರು. ಸೀನನಿಗೆ ಜೀವ ಬಂತು. ರಟ್ಟಿನ ಡಬ್ಬಗಳ ಮೇಲೆ ಕೂತು ಇಬ್ಬರೂ ಅರ್ಧ ಗಂಟೆ ಮಾತಾಡಿದರಂತೆ.

"ಸಂಜೆ ಮ್ಯಾನೇಜರ್ ಏನಂದರು?"

"ಅವರ ಸ್ಕ್ಯಾನ್ ಎಲ್ಲಿ ಅಂದರು. ಇಲ್ಲ ಅಂದೆ. ಹಾಗಾದರೆ ಅವರು ಬಂದೇ ಇಲ್ಲ ಅಂದರು."

ಲೆಕ್ಕ ಅಂದರೆ ಲೆಕ್ಕ. ಯಾರು ಬಂದರು ಅಂತ ಕೇಳುವವರಿಲ್ಲ, ಎಷ್ಟು ಸ್ಕ್ಯಾನ್ ಬಿತ್ತು ಅಷ್ಟೇ. ಅದಕ್ಕೇ ಪಕ್ಕದ ಸ್ಟಾಲ್‌ನವರೂ ಸೀನನ ಕಡೆಯವರೂ ಒಬ್ಬರನ್ನೊಬ್ಬರು ಸ್ಕ್ಯಾನ್ ಮಾಡಿಕೊಂಡಿದ್ದರು. ಆ್ಯಪ್ ಕೆಲಸ ಮಾಡುತ್ತಾ ಅಂತ ನೋಡಲು ಮೊದಲ ದಿನ ಬೆಳಿಗ್ಗೆ ಸೀನನ ಬ್ಯಾಡ್ಜನ್ನೇ ಹಿಡಿದಿದ್ದರಂತೆ.

"ನಿನ್ನೆ ನಮ್ಮ ಸೇಲ್ಸ್‌ನವರು ಫೋನ್ ಮಾಡಿದ್ದರು," ಎಂದ ಸೀನ. "ನಮ್ಮ ಸ್ಟಾಲ್‌ಗೆ ಬಂದಿದ್ದಕ್ಕೆ ಧನ್ಯವಾದ, ಡೆಮೊ ಯಾವಾಗ ನೋಡುತ್ತೀರಿ ಅಂತ."

"ಬೈದೆಯಾ?"

"ಯಾಕೆ ಬೈಯಲಿ? ಮಂಗಳವಾರ ಮೂರು ಗಂಟೆಗೆ ಅಂದೆ. ಡೆಮೊ ಕೊಡಬೇಕಾದವನೂ ನಾನೇ. ಕ್ಯಾಲೆಂಡರಲ್ಲಿ ಒಂದು ಗಂಟೆ ಬ್ಲಾಕ್ ಆಗಿದೆ, ಕಾಫಿಗೆ ಸಿಗ್ತೀಯಾ?"